ಗ್ರಾಮೋದ್ಯೋಗಾಚಾರ್ಯ ಶ್ರೀ ಜೆ. ಸಿ. ಕುಮಾರಪ್ಪನವರು

ಶ್ರೀಮಠದ ಮಹೋತ್ಸವದ ಈ ಸ್ಮಾರಕ ಸಂಪುಟದಲ್ಲಿ ಶಿವಶರಣರ, ಶಿವಯೋಗಿಗಳ ದಿವ್ಯಚರಿತ್ರೆಗಳ ನಡುವೆ, ಕ್ರೈಸ್ತಕುಟುಂಬದಲ್ಲಿ ಜನಿಸಿ ಲೆಕ್ಕಪರಿಶೋಧನೆಯನ್ನು ವೃತ್ತಿಯನ್ನಾಗಿ ಹಿಡಿದಿದ್ದ ತಂಜಾವೂರಿನ ಮಹನೀಯರೊಬ್ಬರ ಜೀವನವೃತ್ತಾಂತಕ್ಕೆ ಸ್ಥಳವೇಕೆಂದು ಭಕ್ತಬಾಂಧವರಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಕಾಯಕವೆಂಬ ಪದವನ್ನು ನಾವು ದಿನಕ್ಕೆ ಹತ್ತು ಬಾರಿ ಉಚ್ಚರಿಸುತ್ತೇವೆ. ಅದರ ಮಹಿಮೆಯನ್ನು ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಆದರೆ ನಮ್ಮ ಕಣ್ಣೆದುರಿನ ಹಳ್ಳಿಯಲ್ಲಿ ಗಾಣಿಗರ ಕಾಯಕವೂ ಕುಂಬಾರರ ಕಾಯಕವೂ ಸಮಗಾರರ ಕಾಯಕವೂ ಏಕೆ ನಿಂತುಹೋದುವು, ನಿಂತ ಮೇಲೆ ಆ ಕೈಗಳು ಯಾವ ಊರಿಗೆ ಹೊರಟುಹೋದುವು, ಆ ಕೈಗಳಿಗೆ ಸಲ್ಲತಕ್ಕ ಹಣವು ಯಾರ ಪೆಟ್ಟಿಗೆಯನ್ನು ಸೇರಿತು ಎಂಬುದನ್ನು ಲೆಕ್ಕವಿಟ್ಟು ನೋಡಿದವರು ವಿರಳ. ಹಾಗೆ ನೋಡಿದವರಲ್ಲಿ ಅಗ್ರಗಣ್ಯರು ಶ್ರೀ ಜೋಸೆಫ್ ಚೆಲ್ಲದುರೈ ಕುಮಾರಪ್ಪನವರು. ಅವರ ಚರಿತ್ರೆಯನ್ನು ಬಲ್ಲಮಟ್ಟಿಗೆ ಇಲ್ಲಿ ನಿವೇದಿಸುತ್ತೇನೆ.

ಕುಮಾರಪ್ಪನವರು 1892ನೆಯ ಇಸವಿ ಜನವರಿ 4ರಂದು ತಂಜಾವೂರಿನಲ್ಲಿ ಜನಿಸಿದರು. ತಂದೆಯವರು ಸರಕಾರದ ಮರಾಮತ್ತು ಇಲಾಖೆಯಲ್ಲಿ ಕೆಲಸಕ್ಕಿದ್ದವರು. ಕಾಲನಿಯಮದಲ್ಲಿ ಬಹು ಕಟ್ಟುನಿಟ್ಟಿನವರು. ತಾಯಿಯವರು ದಯಾಪರರು. ಮಗನಲ್ಲಿ ಈ ಎರಡು ಗುಣಗಳೂ ಕಡೆಯವರೆಗೆ ಉಳಿದುವು. ಒಮ್ಮೊಮ್ಮೆ ಒಂದು ಮತ್ತೊಂದರೊಡನೆ ಜಗಳವಾಡುತ್ತಲೂ ಇದ್ದುವು. ಆಗ ಅವರ ಮನೆತನದ ಹೆಸರು ಕಾರ್ನೇಲಿಯಸ್ ಎಂದಿತ್ತು. ಯೌವನದಲ್ಲಿ ಅವರು ಲಂಡನ್ ನಗರಕ್ಕೆ ಹೋಗಿ ಲೆಕ್ಕಶಾಸ್ತ್ರವನ್ನು ಅಭ್ಯಾಸಮಾಡಿ, ಅಲ್ಲಿಯೇ ಕೆಲಕಾಲ ವೃತ್ತಿಯನ್ನು ನಡೆಸಿ, 1919ರಲ್ಲಿ ತಾಯಿಯವರ ಇಚ್ಛೆಯಂತೆ ಸ್ವದೇಶಕ್ಕೆ ಹಿಂದಿರುಗಿದರು. ಮುಂಬಯಿಯಲ್ಲಿ ಸ್ವಂತ ಕಚೇರಿಯನ್ನು ತೆರೆದರು. ಉಡುಗೆ ತೊಡುಗೆ, ಊಟ ಉಪಚಾರ, ಮಾತುಕತೆ ಎಲ್ಲವೂ ಆಂಗ್ಲರ ರೀತಿಯದು. ಕೈತುಂಬ ಸಂಪಾದನೆ. ಹೀಗೆಯೇ ಮುಂದುವರಿದಿದ್ದರೆ ಮುಂಬಯಿಯ ವರ್ತಕರ ಲೆಕ್ಕದ ಪುಸ್ತಕಗಳಲ್ಲಿಯೇ ಅವರ ಆಯುಷ್ಯವು ಮುಗಿದುಹೋಗುತ್ತಿತ್ತು.

1927ರಲ್ಲಿ ಅವರು ಅಮೆರಿಕಾ ದೇಶಕ್ಕೆ ತೆರಳಿದರು. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ವ್ಯಾಪಾರಾಡಳಿತದ ಪದವಿಯನ್ನು ಪಡೆದು, ಬಳಿಕ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿಯ ಒಂದು ಸಭೆಯಲ್ಲಿ ಭಾರತದ ಬಡತನಕ್ಕೆ ಕಾರಣವೇನೆಂಬ ವಿಷಯವಾಗಿ ಅವರು ಮಾಡಿದ ಉಪನ್ಯಾಸದ ವರದಿಯು ವೃತ್ತಪತ್ರಿಕೆಯಲ್ಲಿ ಬಂದಿತು. ಕರಶಾಸ್ತ್ರದಲ್ಲಿ ಲೋಕಪ್ರಸಿದ್ಧರಾದ ಪ್ರೊಫೆಸರ್ ಸೆಲಿಗ್‌ಮನ್ ಎಂಬ ಅವರ ಗುರುಗಳು ಅದನ್ನು ಓದಿ, ಆ ವಿಷಯವನ್ನೇ ಶೋಧಿಸಿ ಬರೆಯುವಂತೆ ಸೂಚಿಸಿದರು. ಶಿಷ್ಯರು ಬ್ರಿಟಿಷ್ ಸರಕಾರದ ಆಯವ್ಯಯದ ಕಡತಗಳನ್ನು ಬಿಚ್ಚಿ ಕುಳಿತರು. ನೋಡನೋಡುತ್ತ ಅವರ ಕಣ್ಣಿಗೆ ಒಂದು ಸಂಗತಿ ಗೋಚರವಾಯಿತು. ಬಡ ರೈತನಿಂದ ಎತ್ತಿದ ತೆರಿಗೆಯು ಸೈನ್ಯಕ್ಕೂ, ಸಾಲದ ಬಡ್ಡಿಗೂ, ವಿದೇಶೀಯ ಅಧಿಕಾರಿಗಳ ಸಂಬಳಕ್ಕೂ ಹರಿದುಹೋಗಿ, ಕೊಟ್ಟವನ ಊರಿಗೆ ತಿರುಗಿ ಬರುತ್ತಿರಲಿಲ್ಲ. ಸಾಮ್ರಾಜ್ಯದ ಮೇಲೆ ವಿಶ್ವಾಸವಿರಿಸಿದ್ದ ಲೆಕ್ಕಿಗರು ಸಾಮ್ರಾಜ್ಯದ ಲೆಕ್ಕವನ್ನು ನೋಡಿಯೇ ಅದರ ವಿರೋಧಿಗಳಾದರು. ಭಾಷಣಗಳನ್ನು ಕೇಳಿ ದೇಶಭಕ್ತರಾದವರು ಅನೇಕರು. ಜಮಾಖರ್ಚಿನ ಪುಸ್ತಕವನ್ನು ಓದಿ ದೇಶಭಕ್ತರಾದವರನ್ನು ನಾನು ಬೇರೆ ಅರಿಯೆ.

1929ರಲ್ಲಿ ಅವರು ಭಾರತಕ್ಕೆ ಬಂದು, ಪೂರ್ವಿಕರ ಹೆಸರಾದ ಕುಮಾರಪ್ಪ ಎಂಬುದನ್ನು ಪುನಃ ಧರಿಸಿದರು. ತಮ್ಮ ಪ್ರಬಂಧವನ್ನು ಪ್ರಕಟಿಸಲು ಅವರು ಮಹಾತ್ಮಾ ಗಾಂಧಿಯವರನ್ನು ಕಾಣಬೇಕಾಯಿತು. ಆ ವರ್ಷದ ಮೇ 9ರಂದು ಸಾಬರಮತಿಯ ಆಶ್ರಮಕ್ಕೆ ಹೋದರು. ಗೊತ್ತುಮಾಡಿದ ವೇಳೆಗಿಂತ ಮುಂಚೆಯೇ ತಲುಪಿದ್ದರಿಂದ ಅತ್ತಿತ್ತ ತಿರುಗಾಡುತ್ತಿರಲು, ಮರದ ಕೆಳಗೆ ಸಗಣಿಯಿಂದ ಸಾರಿಸಿದ ನೆಲದ ಮೇಲೆ ಕುಳಿತು ನೂಲುತ್ತಿದ್ದ ವೃದ್ಧರೊಬ್ಬರು ಕಣ್ಣಿಗೆ ಬಿದ್ದರು. ಚರಖಾವನ್ನು ಅದುವರೆಗೆ ಕಂಡಿರದ ಕುಮಾರಪ್ಪನವರು ರೇಷ್ಮೆಯ ಉಡುಪನ್ನು ಧರಿಸಿ, ಕೈಕೋಲನ್ನು ಊರಿಕೊಂಡು ನೋಡುತ್ತ ನಿಂತರು. ಆ ವೃದ್ಧರೇ ಗಾಂಧಿಯವರೆಂದು ಅರಿವಾಗಲು ಕೆಲವು ನಿಮಿಷಗಳು ಹಿಡಿದುವು. ಅರಿವಾದೊಡನೆ ಮಡಿಕೆ ಕೆಡದ ಆ ಉಡುಪಿನಲ್ಲಿಯೇ ಸಗಣಿಯ ನೆಲದ ಮೇಲೆ ಕುಳಿತುಬಿಟ್ಟರು. ಒಳಗಿನಿಂದ ಯಾರೋ ಕುರ್ಚಿಯನ್ನು ತಂದರೂ ಅದನ್ನು ಒಲ್ಲೆನೆಂದರು. ಗಾಂಧಿಯವರು ಪ್ರಬಂಧವನ್ನು ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಪ್ರಕಟಿಸಲು ಒಪ್ಪಿದುದಲ್ಲದೆ, ಒಂದು ಕೆಲಸವನ್ನೂ ವಹಿಸಿದರು. ಗುಜರಾತದ ಹಳ್ಳಿಗಳನ್ನು ಹೊಕ್ಕು ಅಲ್ಲಿಯ ಜನರ ಆಯವ್ಯಯವನ್ನು ಅಳೆಯುವುದೇ ಆ ಕೆಲಸ.

ಅಳೆಯಬೇಕಾದ ಪ್ರದೇಶವು ಖೇಡಾ ಜಿಲ್ಲೆಯ ಮಾತರ ತಾಲ್ಲೂಕು. ಕುಮಾರಪ್ಪನವರಿಗೆ ಗುಜರಾತಿ ಭಾಷೆಯ ಗಂಧವಿರಲಿಲ್ಲ. ಗುಜರಾತ ವಿದ್ಯಾಪೀಠದ ವಿದ್ಯಾರ್ಥಿಗಳನ್ನು ಜೊತೆಮಾಡಿಕೊಂಡು 54 ಗ್ರಾಮಗಳನ್ನು ಪರೀಕ್ಷಿಸಿದರು. ಒಂದು ಅಗುಳನ್ನು ಹಿಚುಕಿ ಮಡಕೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುವ ಸ್ಥಾಲೀಪುಲಾಕ ನ್ಯಾಯವನ್ನು ಪಾಠಶಾಲೆಯಲ್ಲಿ ನಾವೆಲ್ಲರೂ ಕಲಿತಿದ್ದೇವೆ. ಈ ಲೆಕ್ಕಿಗರು ಆ ನ್ಯಾಯದಿಂದ ತೃಪ್ತರಾಗಲಿಲ್ಲ. ಕುಟುಂಬ ಕುಟುಂಬಕ್ಕೂ ಹೊಲವೆಷ್ಟು, ದನವೆಷ್ಟು, ಸಾಲವೆಷ್ಟು, ಕೃಷಿಯಿಂದ ಬಂದುದೆಷ್ಟು, ಕಂದಾಯಕ್ಕೆ ಹೋದುದೆಷ್ಟು ಎಂದು ಬರೆಯಿಸಿದರು. ಆ ವರದಿಯು 1931ರಲ್ಲಿ ಪುಸ್ತಕರೂಪದಲ್ಲಿ ಹೊರಬಂದಿತು. ರೈತನಿಗೆ ಉಳಿತಾಯವೇ ಇಲ್ಲದಿರುವಾಗ ಉಳಿತಾಯವಿದೆಯೆಂದು ಭಾವಿಸಿ ಕಂದಾಯವನ್ನು ಕಟ್ಟಲಾಗುತ್ತಿದೆಯೆಂಬುದು ಅದರ ಸಾರ. ಈ ನಡುವೆ ಉಪ್ಪಿನ ಸತ್ಯಾಗ್ರಹವು ಆರಂಭವಾಗಿ, ಯಂಗ್ ಇಂಡಿಯಾ ಪತ್ರಿಕೆಯ ಭಾರವೂ ಅವರ ಹೆಗಲಿಗೆ ಬಿದ್ದಿತು. ಅದರ ಫಲವಾಗಿ ಸೆರೆಮನೆಯನ್ನು ಕಂಡರು. ಅಹಿಂಸೆಯ ಈ ಹೋರಾಟದಲ್ಲಿ ಯೇಸುವಿನ ಅನುಯಾಯಿಗಳು ಯಾವ ಪಕ್ಷದಲ್ಲಿ ನಿಲ್ಲಬೇಕೆಂಬ ವಿಷಯವಾಗಿ ಕಲ್ಕತ್ತೆಯ ಮಹಾಧರ್ಮಾಧ್ಯಕ್ಷರಾದ ವೆಸ್ಟ್‌ಕಾಟ್‌ರೊಡನೆ ಪತ್ರಮುಖೇನ ವಾದಿಸಿದರು. ಸ್ವಮತದ ಪೀಠಕ್ಕೆ ಎದುರುನಿಂತು ಸ್ವಮತವನ್ನು ಬಿಡದಿರುವುದು ಎಷ್ಟು ಕಷ್ಟವೆಂಬುದನ್ನು ಮಠಗಳ ಆಶ್ರಯದಲ್ಲಿ ಬೆಳೆದ ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1934ರ ಜನವರಿಯಲ್ಲಿ ಬಿಹಾರ ಪ್ರಾಂತದಲ್ಲಿ ಭಯಂಕರ ಭೂಕಂಪವಾಯಿತು. ಬಾಬು ರಾಜೇಂದ್ರಪ್ರಸಾದರ ನೇತೃತ್ವದ ಪರಿಹಾರನಿಧಿಯ ಹಣದ ಉಸ್ತುವಾರಿಯನ್ನು ಕುಮಾರಪ್ಪನವರಿಗೆ ಒಪ್ಪಿಸಲಾಯಿತು. ಸೇವಕರ ಊಟಕ್ಕೆ ದಿನಕ್ಕೆ ಇಷ್ಟೇ ಆಣೆಯೆಂದು ಅವರು ಕಟ್ಟಳೆಮಾಡಿದ್ದರು. ಗಾಂಧಿಯವರು ಪರಿವಾರಸಮೇತ ಅಲ್ಲಿಗೆ ಬಂದಾಗ, ಅವರ ಹಾಲು ಹಣ್ಣುಗಳ ವೆಚ್ಚವು ಆ ಮಿತಿಯನ್ನು ಮೀರುವುದೆಂದೂ, ಅದನ್ನು ಸಂತ್ರಸ್ತರ ನಿಧಿಯಿಂದ ಕೊಡಲಾಗದೆಂದೂ ಮಹಾದೇವ ದೇಸಾಯಿಯವರಿಗೆ ಸ್ಪಷ್ಟವಾಗಿ ತಿಳಿಸಿದರಂತೆ. ಮಹಾತ್ಮರಿಗೆ ಇದರಿಂದ ಕೋಪ ಬರಲಿಲ್ಲ. ತಮ್ಮ ವೆಚ್ಚವನ್ನು ತಾವೇ ಭರಿಸಿಕೊಂಡರು. ಧರ್ಮದ ಹಣವನ್ನು ಮುಟ್ಟುವವರು ಈ ಒಂದು ಪ್ರಸಂಗವನ್ನಾದರೂ ನೆನಪಿನಲ್ಲಿಡುವುದು ಒಳಿತು.

ಈಗ ಅವರ ಜೀವನದ ಮುಖ್ಯಕಾರ್ಯಕ್ಕೆ ಬರೋಣ. ಅದೇ ವರ್ಷದ ಅಕ್ಟೋಬರದಲ್ಲಿ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ ಮಹಾಸಭೆಯ ನಿರ್ಣಯದಂತೆ, ಡಿಸೆಂಬರದಲ್ಲಿ ವರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಸ್ಥಾಪಿತವಾಯಿತು. ಶ್ರೀಕೃಷ್ಣದಾಸ ಜಾಜೂ ಅವರು ಅಧ್ಯಕ್ಷರು. ಕುಮಾರಪ್ಪನವರು ಸಂಘಟಕರೂ ಕಾರ್ಯದರ್ಶಿಗಳೂ ಆದರು. ಶೇಠ್ ಜಮನಾಲಾಲ ಬಜಾಜರು ತಮ್ಮ ತೋಟವನ್ನೂ ಕಟ್ಟಡವನ್ನೂ ದಾನಮಾಡಿದರು. ಗಾಂಧಿಯವರ ಸಹಚರರಾಗಿ ಖಾದಿಯ ಕಾರ್ಯಕ್ಕೆ ಪ್ರಾಣವನ್ನೇ ತೆತ್ತಿದ್ದ ಮಗನಲಾಲ ಗಾಂಧಿಯವರ ನೆನಪಿಗಾಗಿ ಆ ಸ್ಥಳಕ್ಕೆ ಮಗನವಾಡಿ ಎಂದು ಹೆಸರಾಯಿತು. ಗಾಂಧಿಯವರು 1935ರಿಂದ ಮರುವರ್ಷ ಸೇಗಾಂವಕ್ಕೆ ಹೋಗುವವರೆಗೆ ಅಲ್ಲಿಯೇ ವಾಸವಾಗಿದ್ದರು. ಸಂಘದ ಸಲಹೆಗಾರರ ಪಟ್ಟಿಯಲ್ಲಿ ಕವಿ ರವೀಂದ್ರನಾಥ ಠಾಕೂರರು, ಆಚಾರ್ಯ ಪ್ರಫುಲ್ಲಚಂದ್ರ ರಾಯರು, ನಮ್ಮ ಬೆಂಗಳೂರಿನ ವಿಜ್ಞಾನಮಂದಿರದಲ್ಲಿದ್ದ ಸರ್ ಸಿ. ವಿ. ರಾಮನ್ನರು, ಕೂನೂರಿನಲ್ಲಿ ಆಹಾರತತ್ತ್ವವನ್ನು ಸಂಶೋಧಿಸಿದ ಮ್ಯಾಕ್ಯಾರಿಸನ್ ವೈದ್ಯರು ಮೊದಲಾದವರ ಹೆಸರುಗಳಿದ್ದುವು. ಹಳ್ಳಿಯ ಕಸುಬು ಎಂದರೆ ವಿಜ್ಞಾನಕ್ಕೆ ಬೆನ್ನುತಿರುಗಿಸುವುದಲ್ಲ, ವಿಜ್ಞಾನವನ್ನು ಹಳ್ಳಿಯ ಕೈಗೆ ಎಟಕುವಂತೆ ತರುವುದೆಂಬುದು ಈ ಪಟ್ಟಿಯಿಂದಲೇ ಸ್ಪಷ್ಟವಾಗುವುದು.

ಮಗನವಾಡಿಯಲ್ಲಿ ನಡೆದುದೇನು? ಮೊದಲು ಬತ್ತದ ಮಾತನ್ನೇ ತೆಗೆದುಕೊಳ್ಳೋಣ. ರೈತನು ಬತ್ತವನ್ನು ಗಿರಣಿಗೆ ಮಾರುವನು. ಅದೇ ಬತ್ತದ ಅಕ್ಕಿಯನ್ನು ಹೆಚ್ಚಿನ ಬೆಲೆಗೆ ಕೊಳ್ಳುವನು. ಒನಕೆ ಹಿಡಿದು ಕುಟ್ಟುತ್ತಿದ್ದ ಹೆಣ್ಣುಮಕ್ಕಳ ಕೂಲಿ ಹೋಯಿತು. ಮನೆಯ ದನಕ್ಕೆ ಸಿಗುತ್ತಿದ್ದ ತೌಡು ಹೋಯಿತು. ಮೆರುಗು ಕೊಟ್ಟ ಅಕ್ಕಿಯಲ್ಲಿ ಜೀವಸತ್ತ್ವವೂ ಹೋಯಿತು. ಅಂಥ ಅಕ್ಕಿಯನ್ನೇ ಉಂಡವರಿಗೆ ಬೆರಿಬೆರಿ ಎಂಬ ರೋಗವು ತಗಲುವುದೆಂದು ವೈದ್ಯರು ಕಂಡುಹಿಡಿದಿದ್ದರು. ಎಣ್ಣೆಯ ಕಥೆಯೂ ಇಂಥದೇ. ಎಳ್ಳು ಕಡಲೆಗಳು ಊರ ಗಾಣಕ್ಕೆ ಬಂದರೆ ಎಣ್ಣೆಯು ಮನೆಗೆ, ಹಿಂಡಿಯು ಎತ್ತಿಗೆ, ಎತ್ತಿನ ಗೊಬ್ಬರವು ಹೊಲಕ್ಕೆ, ಕೂಲಿಯು ಗಾಣಿಗನಿಗೆ; ಒಂದು ಕಾಳೂ ಊರ ಎಲ್ಲೆಯನ್ನು ದಾಟದು. ಕಾಳು ಪಟ್ಟಣದ ಗಿರಣಿಗೆ ಹೋದರೆ ಇವಿಷ್ಟೂ ಪಟ್ಟಣಕ್ಕೆ ಹೋಗಿ, ಊರಿಗೆ ಡಬ್ಬಿಯ ಎಣ್ಣೆ ಮಾತ್ರ ಬರುವುದು. ಅಗ್ಗವೆಂದು ನಾವು ಕೊಳ್ಳುವ ಪದಾರ್ಥದ ನಿಜವಾದ ಬೆಲೆಯು ಅಂಗಡಿಯ ಚೀಟಿಯಲ್ಲಿರುವುದಿಲ್ಲವೆಂದೂ, ಕೆಲಸ ಕಳೆದುಕೊಂಡ ನೆರೆಯವನ ಒಲೆಯಲ್ಲಿ ಅದನ್ನು ಓದಬೇಕೆಂದೂ ಕುಮಾರಪ್ಪನವರು ತೋರಿಸಿಕೊಟ್ಟರು. ಲಂಡನ್ನಿನಲ್ಲಿ ಕಲಿತ ಲೆಕ್ಕಶಾಸ್ತ್ರವನ್ನು ಅವರು ಬಿಡಲಿಲ್ಲ. ಅದಕ್ಕೆ ಬರಹೋಗದಿದ್ದ ಅಂಕಣಗಳನ್ನು ಸೇರಿಸಿದರು.

ಇಲ್ಲಿ ಒಂದು ಸ್ವಂತ ಮಾತು. ನನ್ನ ಹುಟ್ಟೂರಿನ ಗಾಣದ ಕಲ್ಲು ಈಗ ಗುಡಿಯ ಮುಂದೆ ಹಿರಿಯರು ಕೂಡುವ ಆಸನವಾಗಿದೆ. ಅದನ್ನು ತಿರುಗಿಸುತ್ತಿದ್ದ ಮನೆಯವರು ಪಟ್ಟಣದಲ್ಲಿ ಕಾವಲುಗಾರರಾಗಿದ್ದಾರೆ. ಜಾತ್ರೆಯ ದಾಸೋಹಕ್ಕೆ ಎಣ್ಣೆಯ ಡಬ್ಬಿಗಳು ಲಾರಿಯಲ್ಲಿ ಬಂದಿಳಿಯುವುದನ್ನು ಕಂಡಾಗಲೆಲ್ಲ, ಈ ದಾಸೋಹದಲ್ಲಿ ಕಾಯಕದ ಪಾಲೆಷ್ಟು ಎಂದು ನಾನು ಕೇಳಿಕೊಂಡಿದ್ದೇನೆ. ಉತ್ತರವನ್ನು ಗಟ್ಟಿಯಾಗಿ ಹೇಳುವ ಧೈರ್ಯವು ನನಗೂ ಬಂದಿಲ್ಲ.

ಕುಮಾರಪ್ಪನವರು ಹಳೆಯದನ್ನು ಇದ್ದಂತೆಯೇ ಪೂಜಿಸಿದವರಲ್ಲ. ಝವೇರಭಾಯಿ ಪಟೇಲರೆಂಬ ಸಹೋದ್ಯೋಗಿಗಳು ಅಲ್ಲಿ ಗಾಣವನ್ನು ತಿದ್ದಿ, ಎತ್ತಿನ ಶ್ರಮವು ಕಡಿಮೆಯಾಗಿ ಎಣ್ಣೆಯು ಹೆಚ್ಚಾಗಿ ಇಳಿಯುವಂತೆ ಮಾಡಿದರು. ಅದು ಮಗನವಾಡಿ ಗಾಣವೆಂದೇ ಪ್ರಸಿದ್ಧವಾಯಿತು. ಸೀಮೆಎಣ್ಣೆಗೆ ಬದಲಾಗಿ ಊರ ಎಣ್ಣೆಯಿಂದ ಉರಿಯುವ ಮಗನದೀಪವೆಂಬ ಕಂದೀಲನ್ನು ರಚಿಸಿದರು. ಹೊಗೆಯನ್ನು ಹೊರಗೆ ಕಳುಹಿಸುವ ಮಗನಚುಲ್ಹಾ ಎಂಬ ಒಲೆಯನ್ನು ಹೆಣ್ಣುಮಕ್ಕಳ ಕಣ್ಣು ಉಳಿಯಲೆಂದು ಹೂಡಿದರು. ಕೈಕಾಗದ, ಜೇನುಸಾಕಣೆ, ಸಾಬೂನು, ಕುಂಬಾರಿಕೆ, ಚರ್ಮ ಹದಮಾಡುವುದು ಇವೆಲ್ಲಕ್ಕೂ ಶಾಲೆಯಿದ್ದಿತು. ಪಾಳುಭೂಮಿಯಲ್ಲಿ ತಾನಾಗಿ ಬೆಳೆದ ಈಚಲು ತಾಳೆಗಳಿಂದ ಬೆಲ್ಲ ಮಾಡಿದರೆ, ಕಬ್ಬು ನುಂಗಿದ ಒಳ್ಳೆಯ ನೆಲವು ಅನ್ನದ ಬೆಳೆಗೆ ಉಳಿಯುವುದೆಂಬುದು ಅವರ ಪ್ರಿಯವಾದ ವಾದಗಳಲ್ಲೊಂದು. ಹಲವು ಪ್ರಾಂತಗಳಿಂದ ಬಂದ ತರುಣರು ಗ್ರಾಮಸೇವಕ ವಿದ್ಯಾಲಯದಲ್ಲಿ ಕೈಕಸುಬನ್ನು ಕಲಿತು, ಸಂಘದ ಸೇವಕರಾಗಿ ಹಳ್ಳಿಗಳಿಗೆ ಹಿಂದಿರುಗಿದರು. ಓದು ಬಲ್ಲವನು ಪೊರಕೆಯನ್ನು ಮುಟ್ಟಬಾರದೆಂಬ ಅಹಂಕಾರಕ್ಕೆ ಅಲ್ಲಿ ಎಡೆಯಿರಲಿಲ್ಲ. ನೆರೆಯ ಸಿಂದಿ ಗ್ರಾಮದ ಮಲವನ್ನು ಮಹಾದೇವ ದೇಸಾಯಿ, ಮೀರಾಬೆನ್ ಮೊದಲಾದವರು ದಿನವೂ ಹೋಗಿ ಎತ್ತುತ್ತಿದ್ದರು. ಸಂಘದ ಕಾರ್ಯವನ್ನು ತಿಳಿಸುವ ಗ್ರಾಮೋದ್ಯೋಗ ಪತ್ರಿಕೆಯನ್ನು ಕುಮಾರಪ್ಪನವರೇ ನಡೆಸಿದರು. 1938ರ ಡಿಸೆಂಬರ 30ರಂದು ಗಾಂಧಿಯವರ ಹಸ್ತದಿಂದ ಆರಂಭವಾದ ಮಗನ ಸಂಗ್ರಹಾಲಯವು ವರ್ಧಾದಲ್ಲಿ ಇಂದಿಗೂ ನಿಂತಿದೆ.

ಈ ಕೀರ್ತಿಯಿಂದಾಗಿ ಮಧ್ಯಪ್ರಾಂತದ ಸರಕಾರವು ಅವರಿಂದ ಔದ್ಯೋಗಿಕ ಪರಿಶೀಲನೆಯನ್ನು ಮಾಡಿಸಿತು. ಆಗ ಅವರ ಮಂಡಲಿಯು 606 ಹಳ್ಳಿಗಳನ್ನು ನೋಡಿತು. ವಾಯವ್ಯ ಸರಹದ್ದಿನ ಪ್ರಾಂತಕ್ಕೂ ಇಂಥದೇ ಕಾರ್ಯಕ್ಕಾಗಿ ಹೋಗಿಬಂದರು. ಸುಭಾಷಚಂದ್ರ ಬೋಸರು 1938ರಲ್ಲಿ ನೇಮಿಸಿದ ರಾಷ್ಟ್ರೀಯ ಯೋಜನಾಮಂಡಲಿಯಲ್ಲಿ ಪಂಡಿತ ಜವಾಹರಲಾಲರು ಅಧ್ಯಕ್ಷರಾಗಿದ್ದರು. ನಮ್ಮ ನಾಡಿನ ಸರ್ ಎಂ. ವಿಶ್ವೇಶ್ವರಯ್ಯನವರೂ ಅದರ ಸದಸ್ಯರು. ಕುಮಾರಪ್ಪನವರು ಗ್ರಾಮೋದ್ಯೋಗ ಸಂಘದ ಪರವಾಗಿ ಅಲ್ಲಿ ಕುಳಿತರು. ಆದರೆ ದೊಡ್ಡ ಯಂತ್ರಗಳ ಮಾತೇ ಮುಂದಾದುದನ್ನು ಕಂಡು ಕೆಲವು ತಿಂಗಳಲ್ಲಿಯೇ ಹೊರಬಂದರು. ಯಂತ್ರೋದ್ಯಮವಿಲ್ಲದೆ ದೇಶಕ್ಕೆ ಉಳಿವಿಲ್ಲವೆಂದು ನಂಬಿದ್ದ ವಿಶ್ವೇಶ್ವರಯ್ಯನವರನ್ನೂ, ಯಂತ್ರವು ಮನುಷ್ಯನ ಕೈಯಿಂದ ಕೆಲಸವನ್ನು ಕಸಿಯಬಾರದೆಂದ ಕುಮಾರಪ್ಪನವರನ್ನೂ ಕನ್ನಡಿಗನಾದವನು ಒಂದೇ ತಕ್ಕಡಿಯಲ್ಲಿ ತೂಗಲು ಹೋಗಬಾರದು. ಇಬ್ಬರೂ ಒಂದು ಕಾಸಿನ ಲೆಕ್ಕವನ್ನೂ ತಪ್ಪದ ಪ್ರಾಮಾಣಿಕರು. ಕೃಷ್ಣರಾಜಸಾಗರದ ನೀರನ್ನು ಕುಡಿಯುತ್ತ ಮೊದಲನೆಯವರನ್ನು ನಿಂದಿಸುವುದು ಕೃತಘ್ನತೆ. ಹೊರಬಂದುದು ಸರಿಯೇ ಎಂಬ ವಿಷಯದಲ್ಲಿ ನನಗೆ ಸಂದೇಹವಿದೆ. ಒಳಗೇ ಇದ್ದು ವಾದಿಸಿದ್ದರೆ ಹಳ್ಳಿಯ ಪಕ್ಷಕ್ಕೆ ಒಂದು ದನಿಯಾದರೂ ಅಲ್ಲಿ ಉಳಿಯುತ್ತಿತ್ತು.

1942ರ ಚಳವಳಿಯ ಕಾಲದಲ್ಲಿ ಸರಕಾರದ ಹಣಕಾಸಿನ ನೀತಿಯನ್ನು ಖಂಡಿಸಿ ಬರೆದುದೇ ಅವರನ್ನು ಮತ್ತೆ ಕಾರಾಗೃಹಕ್ಕೆ ಒಯ್ದಿತು. ಜಬಲಪುರದ ಸೆರೆಮನೆಯಲ್ಲಿ ಅವರು ಎರಡು ಗ್ರಂಥಗಳನ್ನು ಬರೆದರು: ಒಂದು ಯೇಸುವಿನ ಉಪದೇಶಾಚರಣೆಗಳನ್ನು ಕುರಿತದ್ದು, ಮತ್ತೊಂದು ಶಾಶ್ವತ ಅರ್ಥವ್ಯವಸ್ಥೆಯನ್ನು ಕುರಿತದ್ದು. ಎರಡನೆಯದಕ್ಕೆ ಗಾಂಧಿಯವರು 1945ರಲ್ಲಿ ಮುನ್ನುಡಿಯನ್ನು ಬರೆದು, ಗ್ರಾಮೋದ್ಯೋಗದ ಪಂಡಿತರೆಂಬ ಬಿರುದನ್ನು ಅವರಿಗೆ ವಿನೋದದಿಂದಲೂ ಪ್ರೀತಿಯಿಂದಲೂ ದಯಪಾಲಿಸಿದರು. ಆ ಗ್ರಂಥದಲ್ಲಿ ಬಾಳಿನ ರೀತಿಗಳನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ಕುರಿಮರಿಯನ್ನು ಕೊಂದು ತಿನ್ನುವ ಹುಲಿಯು ಕೆಳಗಿನ ಮೆಟ್ಟಿಲು. ತಾನು ನೆಡದ ತೋಪಿನ ಹಣ್ಣನ್ನು ತಿಂದುಹೋಗುವ ಕೋತಿಯು ಅದರ ಮೇಲಿನದು. ತನ್ನ ಗೂಡನ್ನು ತಾನೇ ಕಟ್ಟುವ ಹಕ್ಕಿ ಮೂರನೆಯದು. ತನಗಾಗಿಯಲ್ಲದೆ ಇಡೀ ಹುಟ್ಟಿಗಾಗಿ ದುಡಿಯುವ ಜೇನುನೊಣ ನಾಲ್ಕನೆಯದು. ಪ್ರತಿಫಲವನ್ನು ಬಯಸದೆ ಮರಿಗೆ ಗುಟುಕನ್ನು ಕೊಡುವ ತಾಯಿಹಕ್ಕಿಯೇ ಮೇಲಿನ ಮೆಟ್ಟಿಲು. ಷಟ್‌ಸ್ಥಲವನ್ನು ಬಲ್ಲ ನಮಗೆ ಈ ಸೋಪಾನಕ್ರಮವು ಅಪರಿಚಿತವೆನಿಸದು. ಆದರೆ ಎರಡಕ್ಕೂ ಬಲವಂತದಿಂದ ಗಂಟುಹಾಕುವುದು ವಿದ್ವಾಂಸರಿಗೆ ಹೇಳಿಸಿದ ಕೆಲಸವಲ್ಲ. ಅವರವರ ಅನುಭವವು ಅವರವರದು. ಅದೇ ಗ್ರಂಥದಲ್ಲಿ ಲಕ್ಷ ಜನರಿರುವ ಪ್ರದೇಶಕ್ಕೆ ಧಾನ್ಯ, ಬೇಳೆ, ಎಣ್ಣೆಕಾಳು, ಹತ್ತಿ ಇವುಗಳಿಗೆ ತಲಾ ಎಷ್ಟು ಎಕರೆ ಬೇಕೆಂಬ ಪಟ್ಟಿಯನ್ನೂ ಕೊಟ್ಟಿದ್ದಾರೆ. ಪೇಟೆಗೆ ಬೇಕಾದುದಕ್ಕಿಂತ ಮೊದಲು ಊಟಕ್ಕೆ ಬೇಕಾದುದನ್ನು ಬೆಳೆಯಬೇಕೆಂಬುದೇ ಅದರ ತಾತ್ಪರ್ಯ.

ಸ್ವಾತಂತ್ರ್ಯವು ಬಂದಿತು. ಭೂಸುಧಾರಣೆಯನ್ನು ವಿಚಾರಿಸಲು ಕಾಂಗ್ರೆಸ್ ಸಂಸ್ಥೆಯು ನೇಮಿಸಿದ ಸಮಿತಿಗೆ ಅವರು ಅಧ್ಯಕ್ಷರಾದರು. ಉಳುವವನಿಗೂ ಸರಕಾರಕ್ಕೂ ನಡುವೆ ನಿಂತವರನ್ನು ತೆಗೆದುಹಾಕಬೇಕೆಂದು ಆ ಸಮಿತಿಯ ವರದಿಯು 1949ರಲ್ಲಿ ಹೇಳಿತು. ಆದರೆ ದೆಹಲಿಯು ಹಿಡಿದ ದಾರಿ ಬೇರೆಯಾಗಿತ್ತು. ಸೆರೆಮನೆಯಲ್ಲಿ ಜೊತೆಗಿದ್ದವರೇ ಈಗ ಮಂತ್ರಿಗಳು; ಅವರನ್ನೂ ಕುಮಾರಪ್ಪನವರು ಬ್ರಿಟಿಷರನ್ನು ಟೀಕಿಸಿದ ಲೇಖನಿಯಿಂದಲೇ ಟೀಕಿಸಿದರು. ಅವರ ಸ್ವಭಾವದಲ್ಲಿ ಮುಂಗೋಪವಿದ್ದಿತು. ಎದುರಿಗಿದ್ದವರ ಅನನುಕೂಲವನ್ನು ಎಣಿಸುವ ಸಹನೆ ಕಡಮೆ. ಮಿತ್ರರು ದೂರವಾದುದಕ್ಕೆ ಇದೂ ಒಂದು ಕಾರಣವೆಂಬುದನ್ನು ಮರೆಮಾಚಬೇಕಾಗಿಲ್ಲ. ಖಾದಿ ಗ್ರಾಮೋದ್ಯೋಗಗಳಿಗೆ ಸರಕಾರವು 1953ರಲ್ಲಿ ಮಂಡಲಿಯನ್ನೂ 1957ರಲ್ಲಿ ಆಯೋಗವನ್ನೂ ರಚಿಸಿತು. ಆದರೆ ಗಾಣಿಗನಿಗೆ ಸಹಾಯಧನವನ್ನು ಕೊಡುತ್ತ ಅವನ ಎದುರಿಗೇ ಗಿರಣಿಗೆ ಪರವಾನಗಿಯನ್ನು ಕೊಡುವ ರಾಜ್ಯದಲ್ಲಿ ಗಾಣವು ಎಷ್ಟು ದಿನ ತಿರುಗೀತು?

ವರ್ಧಾದ ಬಳಿಯ ಸೇಲ್ಡೋಹದಲ್ಲಿ ಪಣ್ಣೈ ಆಶ್ರಮವೆಂಬ ಹೆಸರಿನಿಂದ ಕೃಷಿಯ ಪ್ರಯೋಗವನ್ನು ಅವರು ಕೆಲವು ವರ್ಷ ನಡೆಸಿದರು. ರಕ್ತದೊತ್ತಡದ ವ್ಯಾಧಿಯು ಹೆಚ್ಚಾಗಲು 1953ರ ಸುಮಾರಿನಲ್ಲಿ ಮಧುರೆ ಜಿಲ್ಲೆಯ ಟಿ. ಕಲ್ಲುಪಟ್ಟಿಯ ಗಾಂಧಿನಿಕೇತನ ಆಶ್ರಮಕ್ಕೆ ಬಂದು ನೆಲಸಿದರು. ವಿವಾಹವನ್ನು ಮಾಡಿಕೊಂಡಿರಲಿಲ್ಲ; ಆಸ್ತಿಯೆಂಬುದಿರಲಿಲ್ಲ. ಒಂದು ಕಾಲದಲ್ಲಿ ಮುಂಬಯಿಯ ವರ್ತಕರಿಗೆ ಲೆಕ್ಕ ನೋಡುತ್ತಿದ್ದವರ ಮನೆಯು ಈಗ ಒಂದು ಗುಡಿಸಲು. ಅಲ್ಲಿ ಗೋಡೆಗೆ ಗಾಂಧಿಯವರ ಚಿತ್ರವಿದ್ದಿತು. ಬಡ ಹಳ್ಳಿಗನೊಬ್ಬನ ಚಿತ್ರವೂ ಇದ್ದಿತು. ನೋಡಬಂದವರಿಗೆ ಅವರು ಮೊದಲನೆಯದನ್ನು ತಮ್ಮ ಗುರುಗಳೆಂದೂ, ಎರಡನೆಯದನ್ನು ತಮ್ಮ ಗುರುಗಳ ಗುರುವೆಂದೂ ತೋರಿಸುತ್ತಿದ್ದರಂತೆ. ಅವರು ಮದ್ರಾಸಿನ ಆಸ್ಪತ್ರೆಯಲ್ಲಿ 1960ನೆಯ ಇಸವಿ ಜನವರಿ 30ರಂದು ದೇಹವನ್ನಿಟ್ಟರು. ಮಹಾತ್ಮರು ಗತಿಸಿ ಅಂದಿಗೆ ಸರಿಯಾಗಿ ಹನ್ನೆರಡು ವರ್ಷಗಳಾಗಿದ್ದುವು.